ಪುಟ್ಟಸ್ವಾಮಿಯ ಎಡಗೈ

ಹೋದ ಭಾನುವಾರ ಅರಕಲಗೂಡಿನಲ್ಲಿ ನನ್ನ ಕಣ್ಣೆದುರಿಗೇ ಒಂದು ಪುಟ್ಟ ಕೈಗೆ ಪೆಟ್ಟು ಬಿತ್ತು.

ಕೈ ನನ್ನ ಗೆಳೆಯ ಪುಟ್ಟಸ್ವಾಮಿಯ ಮಗಳು ಗೌರಿಯದು. ಐದು ವರ್ಷದ ಮಗು. ಅವಳಮ್ಮ ನನಗೆಂದು ಕೊಟ್ಟ ಕೋಡುಬಳೆ ತಟ್ಟೆಯನ್ನು ಒಂದೇ ಕೈಯಲ್ಲಿ, ಒಂದಿಷ್ಟೂ ಅಲ್ಲಾಡಿಸದೆ, ನೆಟ್ಟಗೆ ತಂದು ನನ್ನ ಮುಂದೆ ಹಿಡಿದಳು. ಎಡಗೈಯಲ್ಲಿ. ಪಟಾರನೆ ಬಿತ್ತು ನೋಡಿ ಏಟು! ಕೋಡುಬಳೆಯೆಲ್ಲ ನೆಲದ ಪಾಲು.

"ಯಾವ್ ಕೈಲವ್ವಾ ಕೊಡದು? ಎಷ್ಟ್ ಸಲ ಏಳ್ಬೇಕು ನಿಂಗೆ? ಬಲಗೈ, ಬಲಗೈ!"

ಮಕ್ಕಳಿಗೆ ಏಟು ಬೀಳುವುದೂ ಒಂದು ಸುದ್ದಿಯೇ ಸ್ವಾಮಿ ಎನ್ನುತ್ತೀರಿ. (ನಮಗೇನು ಕಮ್ಮಿ ಬಿದ್ದಿವೆಯೇ?) ಆದರೆ ಹೊಡೆದವನು ಯಾರು ಗೊತ್ತೆ? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ತಾಲ್ಲೂಕಿನಲ್ಲಿ ಎಡಗೈಯಿಂದ ಬ್ಯಾಸ್ಕೆಟ್‌ಬಾಲ್ ಆಡಿ ಜನ ಬಾಯಿಬಿಟ್ಟುಕೊಂಡು ನೋಡುವಂತೆ ಮಾಡಿದ್ದ ಇದೇ ಪುಟ್ಟಸ್ವಾಮಿ!

ಹದಿನೈದು ಹದಿನಾರು ವರ್ಷದ ಹಿಂದಿನ ಮಾತು. ಹೊಳೆನರಸೀಪುರದಲ್ಲಿ ನಾವಿಬ್ಬರೂ ಹೈಸ್ಕೂಲು ಹುಡುಗರು. ನಮ್ಮ ಡ್ರಿಲ್ ಮೇಷ್ಟ್ರು ಮೈಸೂರಿನಲ್ಲಿ ಈ ಆಟ ಕಲಿತು ಬಂದು, ಮೈದಾನದಲ್ಲಿ ಎರಡು ಕಂಬ ನೆಡಿಸಿ, ಕಮ್ಮಾರರಿಂದ ಕಬ್ಬಿಣದ ಬಳೆ ಮಾಡಿಸಿ ತೂಗುಹಾಕಿದರು. ಬಲೆ ಮಾತ್ರ ಇರಲಿಲ್ಲ. (ಚೆಂಡು ಒಳಗಿಂದ ಬಿತ್ತೋ, ಪಕ್ಕದಲ್ಲಿ ಹೋಯಿತೋ ಎಂಬ ಜಗಳವೇ ಅರ್ಧ ಆಟ.)

ಮೇಷ್ಟ್ರಿಗೆ ಒಂದೇ ಚಿಂತೆ. ನಾವೆಲ್ಲ ಬಲಗೈಯವರು. ಎದುರಿನವನು ನಮ್ಮ ಬಲಕ್ಕೆ ಬಂದು ನಿಂತರೆ ಮುಗಿಯಿತು, ಆಟ ಅಲ್ಲೇ ಬಂದ್. ಒಂದು ದಿನ ರೇಗಿ ಅಪ್ಪಣೆ ಮಾಡಿದರು: "ಇವತ್ತಿಂದ ಊಟ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಎಡಗೈಲೇ ಮಾಡ್ರಲಾ. ಕೈ ಪಳಗ್ಲಿ."

ನಾವು ಎರಡು ದಿನ ಮಾಡಿದೆವು. ಮೂರನೆಯ ದಿನ ಮರೆತೆವು. ಪುಟ್ಟಸ್ವಾಮಿ ಮರೆಯಲಿಲ್ಲ. ಹಲ್ಲುಜ್ಜಿದ್ದು ಎಡಗೈ, ನೀರು ಸೇದಿದ್ದು ಎಡಗೈ, ದನದ ಹಗ್ಗ ಹಿಡಿದದ್ದು ಎಡಗೈ. ಬಲಗೈಯನ್ನು ಟವಲಿನಿಂದ ಸೊಂಟಕ್ಕೆ ಬಿಗಿದುಕೊಂಡು ಹೊಳೆಯ ದಾರಿಯುದ್ದಕ್ಕೂ ಚೆಂಡು ಕುಟ್ಟಿಕೊಂಡು ಹೋಗುತ್ತಿದ್ದ. ಜನ ನಗುತ್ತಿದ್ದರು. ಅವನಿಗೆ ಅದರ ಪರಿವೆಯೇ ಇಲ್ಲ.

ಮಾರನೆಯ ವರ್ಷ ಹಾಸನದಲ್ಲಿ ಮ್ಯಾಚು. ಎದುರಿನವರು ಬಲಕ್ಕೆ ಅಡ್ಡ ನಿಂತರು. ಇವನು ಎಡಕ್ಕೆ ನುಗ್ಗಿ ಹಾಕಿಯೇಬಿಟ್ಟ.

"ರೊಟ್ಟೆ ಕಣ್ಲಾ ಇವ್ನು! ಎಡಗಡೆ ನಿಂತ್ಕಳ್ರಲಾ!" ಎಂದು ಅವರ ಕಡೆಯವನೊಬ್ಬ ಕೂಗಿದ. ರೊಟ್ಟೆ ಎಂದರೆ ನಮ್ಮ ಕಡೆ ಎಡಚ. ಎಡಕ್ಕೆ ನಿಂತರು. ಇವನು ಬಲಗೈಯಲ್ಲಿ ಹಾಕಿದ.

"ಅಯ್ಯೋ, ರೊಟ್ಟೆ ಅಲ್ಲ ಕಣ್ಲಾ! ಇವ್ನಿಗೆ ಎಲ್ಡೂ ಬಲಗೈಯೇ!"

ಅದೇ ವಾರ ಮೈಸೂರಿನಿಂದ ಸೆಲೆಕ್ಷನ್ನಿಗೆ ಕರೆ ಬಂತು. ಗೆದ್ದರೆ ರಾಜ್ಯದ ಟೀಮು. ಮೇಷ್ಟ್ರು ಇಡೀ ಸ್ಕೂಲಿಗೆ ಪೆಪ್ಪರಮೆಂಟು ಹಂಚಿದರು.

ಹೊರಡುವುದಕ್ಕೆ ಮುಂಚೆ ಅವನ ಮನೆಯಲ್ಲಿ ಅಕ್ಕನ ವೀಳ್ಯಶಾಸ್ತ್ರ. ಗಂಡಿನ ಕಡೆಯವರು ಬಾಗೂರಿನಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು. ಮಾತುಕತೆಯೆಲ್ಲ ಮುಗಿದು, ಎಲೆ ಅಡಿಕೆ ಕೊಡುವುದೊಂದೇ ಬಾಕಿ. ಹೆಣ್ಣಿನ ತಮ್ಮನೆಂದು ಪುಟ್ಟಸ್ವಾಮಿಯನ್ನೇ ಕರೆದರು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಸರಿಯೇ. ಬಲಗೈಯಲ್ಲಿ ತಟ್ಟೆ ಆನಿಸಿಕೊಂಡು, ಗಂಡಿನ ದೊಡ್ಡಪ್ಪನಿಗೆ ಎಲೆ ತೆಗೆದುಕೊಟ್ಟ. ಯಾವ ಕೈಯಲ್ಲಿ?

ಅದು ಎಡಗೈ ಎಂಬುದು ಕೊಟ್ಟವನಿಗೇ ಗೊತ್ತಿರಲಿಲ್ಲ. ಅಷ್ಟು ಪಳಗಿತ್ತು.

ದೊಡ್ಡಪ್ಪ ಎಲೆ ಮುಟ್ಟಲಿಲ್ಲ. "ಎಡಗೈಲಿ ಎಲೆ ಕೊಡೋ ಮನೆಯಿಂದ ಎಣ್ಣ್ ತರದಾ? ಏಳ್ರಲಾ, ಓಗನ" ಎಂದು ಟವಲು ಕೊಡವಿದ. "ಆಟುಕ್ಕೆ ಅಂತ ಕಲ್ತಿದ್ದು ಸಾಮಿ, ಬೇಕಂತ ಮಾಡ್ಲಿಲ್ಲ" ಎಂದು ಅವರಪ್ಪ ಗಾಡಿಯ ಹಿಂದೆಯೇ ಓಡಿದರು. ಗಾಡಿ ನಿಲ್ಲಲಿಲ್ಲ.

ಮೇಷ್ಟ್ರು ಮಾರನೆಯ ದಿನವೇ ನನ್ನನ್ನೂ ಕರೆದುಕೊಂಡು ಅವನ ಮನೆಗೆ ಹೋದರು. ಅವರಪ್ಪ ಬೈಯಲಿಲ್ಲ. ಚಾಪೆ ಹಾಸಿ ಕೂರಿಸಿದರು. "ನಿಮ್ ಆಟ ದೊಡ್ದೇ ಸಾ. ನನ್ ಮಗಳೇನ್ ಚಿಕ್ಕೋಳಾ?" ಎಂದಷ್ಟೇ ಕೇಳಿದರು. ಮೇಷ್ಟ್ರು ತಲೆ ತಗ್ಗಿಸಿದರು.

ಹಿತ್ತಲಲ್ಲಿ ಪುಟ್ಟಸ್ವಾಮಿ ನೀರು ಸೇದುತ್ತಿದ್ದ. "ಮೈಸೂರ್‌ಗೆ ಬತ್ತೀಯೇನ್ಲಾ?" ಎಂದೆ.

"ಇಲ್ಲ ಕಣ್ಲಾ. ಅಕ್ಕ ಮಾತಾಡ್ತಿಲ್ಲ."

ಮೈಸೂರಿಗೆ ಯಾರೂ ಹೋಗಲಿಲ್ಲ. ಅಕ್ಕನಿಗೆ ಮತ್ತೆ ಗಂಡು ಸಿಗಲು ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ಇವನು ಗುಮಾಸ್ತನಾಗಿ ಅರಕಲಗೂಡು ಸೇರಿದ್ದ. ಚೆಂಡು ಮುಟ್ಟುವುದನ್ನೇ ಬಿಟ್ಟಿದ್ದ.

ಈಗ ಪ್ರತಿ ವರ್ಷ ಸ್ಪೋರ್ಟ್ಸ್ ಡೇ ದಿನ ಯಾರೋ ಒಬ್ಬ ದೊಡ್ಡಮನುಷ್ಯರು ಹಾರ ಹಾಕಿಸಿಕೊಂಡು ಭಾಷಣ ಮಾಡುತ್ತಾರೆ. "ನಮ್ಮ ಹುಡುಗರಲ್ಲಿ ಶ್ರದ್ಧೆ ಇಲ್ಲ, ಡಿಸಿಪ್ಲಿನ್ ಇಲ್ಲ." ಶ್ರದ್ಧೆಯಿಲ್ಲದ ನಾವೆಲ್ಲ ಸುಖವಾಗಿದ್ದೇವೆ. ಇದ್ದವನೊಬ್ಬ. ಮೇಷ್ಟ್ರ ಮಾತನ್ನು ಪೂರ್ತಿ ನಂಬಿದ. ಅವನಿಗೆ ಈ ಊರು ಏನು ಕೊಟ್ಟಿತು?

ಭಾನುವಾರ ಕೋಡುಬಳೆ ಆಯುತ್ತಾ ಕೇಳಿದೆ. "ಅಲ್ಲಯ್ಯ, ನೀನು ವರ್ಷಗಟ್ಟಲೆ ಬೆವರು ಸುರಿಸಿ ಕಲಿತದ್ದನ್ನ ಇವಳು ಹುಟ್ಟುತ್ತಲೇ ತಂದಿದ್ದಾಳೆ. ಆ ಕೈಗೆ ಹೊಡೀತೀಯಲ್ಲೋ?"

ಅವನು ಮಗಳ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಉಜ್ಜುತ್ತಿದ್ದ. ಕಣ್ಣು ತುಂಬಿತ್ತು.

"ಇನ್ನೇನ್ ಮಾಡ್ಲಪ್ಪ? ನಾಳೆ ಇವಳ ಕೈಲಿ ಎಲೆ ಈಸ್ಕಳೋರು ಯಾರು?"

ಆಯ್ದ ಕೋಡುಬಳೆಯನ್ನು ತಟ್ಟೆಗೆ ಹಾಕಿ ಗೌರಿಯ ಮುಂದಿಟ್ಟೆ.

ಸಂಜೆ ಬಸ್ ಹತ್ತಿಸಲು ಅಪ್ಪ ಮಗಳು ಇಬ್ಬರೂ ಬಂದಿದ್ದರು. ಬಸ್ಸು ಹೊರಟಿತು. ಗೌರಿ ಟಾಟಾ ಮಾಡಲು ಎಡಗೈ ಎತ್ತಿದಳು. ತಕ್ಷಣ ಅಪ್ಪನ ಮುಖ ನೋಡಿದಳು. ಆ ಕೈಯನ್ನು ಲಂಗದ ಹಿಂದೆ ಬಚ್ಚಿಟ್ಟು, ಬಲಗೈ ಎತ್ತಿ ಬೀಸಿದಳು.

ಪ್ರಾಕ್ಟೀಸೇನೋ ಚೆನ್ನಾಗಿಯೇ ನಡೆದಿದೆ. ಯಾವ ಆಟಕ್ಕೆ, ಹೇಳಿ?