ಈರಬಸಪ್ಪ ತೊಳೆದ ಗಾಜು

ನವಲಗುಂದದಲ್ಲಿ ಸತ್ತವರ ಕಣ್ಣು ತೆರೆಸುವ ಮನುಷ್ಯ ಒಬ್ಬನೇ ಇದ್ದ, ಫೋಟೋ ಈರಬಸಪ್ಪ. ನಗಬೇಡಿ, ಪವಾಡವೇನಲ್ಲ, ಕಸುಬು. ನಮ್ಮ ಕಡೆ ಲಿಂಗವಂತರ ಮನೆಯಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂಡ್ರಿಸುತ್ತಾರೆ. ಮೈ ತೊಳೆದು, ಹಣೆತುಂಬ ವಿಭೂತಿ ಬಳಿದು, ಹಾರ ಹಾಕಿ, ತಲೆ ವಾಲದ ಹಾಗೆ ಗೋಡೆಯ ಗೂಟಕ್ಕೆ ಬಟ್ಟೆ ಕಟ್ಟುತ್ತಾರೆ. ಬದುಕಿದ್ದಾಗ ಫೋಟೋ ತೆಗೆಸುವ ಉಮೇದು ಯಾರಿಗಿತ್ತು? ಉಸಿರು ನಿಂತ ಮೇಲೆ ಎಲ್ಲರಿಗೂ ಒಮ್ಮೆಲೇ ನೆನಪಾಗುತ್ತಿತ್ತು. "ಮುದುಕಂದು ಒಂದೂ ಫೋಟೋ ಇಲ್ಲಲೇ, ಈರಬಸಪ್ಪನ್ನ ಕರೀರಿ!"

ಈರಬಸಪ್ಪ ಮೂರುಕಾಲಿನ ಕ್ಯಾಮೆರಾ ಹೆಗಲಿಗೇರಿಸಿ, ಮೊರಬವಿರಲಿ ತಿರ್ಲಾಪುರವಿರಲಿ, ಎರೆಮಣ್ಣು ತುಳಿಯುತ್ತ ಹೋಗುತ್ತಿದ್ದ. ದೊಡ್ಡವರಾದರೆ ಸುಲಭ. ಮಕ್ಕಳ ಮೈ ನಿಲ್ಲುವುದಿಲ್ಲ, ಜಾರುತ್ತದೆ. ಆಗ ಮನೆಯವರಲ್ಲಿ ಯಾರನ್ನಾದರೂ ಕಂಬಳಿ ಹೊದಿಸಿ ಹಿಂದೆ ಕೂಡ್ರಿಸಿ ಹಿಡಿಸಬೇಕು. ಆಮೇಲೆ ಅಂಗಡಿಯಲ್ಲಿ ಕೂತು, ಅಳಿಲಿನ ಬಾಲದ ಕೂದಲಿನ ಕುಂಚದಿಂದ ಫೋಟೋದಲ್ಲಿನ ಮುಚ್ಚಿದ ರೆಪ್ಪೆಗಳ ಮೇಲೆ ಎರಡು ಕಣ್ಣು ಬರೆಯುತ್ತಿದ್ದ. ಅವನಿಗೆ ಬರುತ್ತಿದ್ದದ್ದು ಒಂದೇ ನಮೂನೆಯ ಕಣ್ಣು. ಗೌಡನಿಗೂ ಅದೇ, ಮೊರಬದ ತಿರಕಪ್ಪನಿಗೂ ಅದೇ, ಕುರಿ ಕಾಯುವ ಮಾಳಪ್ಪನಿಗೂ ಅದೇ. ಊರ ಗೋಡೆಗಳ ಮೇಲೆ ಸತ್ತವರೆಲ್ಲ ಅಣ್ಣತಮ್ಮಂದಿರ ಹಾಗೆ ಕಾಣುತ್ತಿದ್ದರು. ಯಾರೂ ತಕರಾರು ತೆಗೆಯಲಿಲ್ಲ.

ಫೋಟೋ ಕೈಗಿಡುವಾಗ ಅವನು ಎಲ್ಲರಿಗೂ ಒಂದು ಮಾತು ಹೇಳುತ್ತಿದ್ದ. "ಕಾಗದ ಹೋದ್ರ ಹೋಗಲಿ, ಕಾಜು ನನ್ನ ಕಡೆ ಐತಿ. ನಾ ಇರೂತನಕ ನಿಮ್ಮವರು ಎಲ್ಲೂ ಹೋಗಾಂಗಿಲ್ಲ." ಕ್ಯಾಮೆರಾದೊಳಗಿನ ಗಾಜಿನ ಹಲಗೆಯ ಮೇಲೆ ಚಿತ್ರ ಮೂಡುತ್ತಿದ್ದ ಕಾಲ ಅದು. ಒಂದೊಂದು ಹಲಗೆಯನ್ನೂ ಕಾಗದದಲ್ಲಿ ಸುತ್ತಿ, ಊರು ಹೆಸರು ಬರೆದು, ಕಟ್ಟಿಗೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಮೂವತ್ತು ವರ್ಷ ಇಟ್ಟ. ಸತ್ತವರಷ್ಟೇ ಅಲ್ಲ, ಮದುಮಕ್ಕಳು, ಪೈಲವಾನರು, ಸಾಲಿ ಮಾಸ್ತರರು, ಹತ್ತಿಯ ಗಾಡಿ ಹೂಡಿ ನಿಂತ ಒಕ್ಕಲಿಗರು, ಇಡೀ ಸೀಮೆಯೇ ಆ ಪೆಟ್ಟಿಗೆಗಳಲ್ಲಿತ್ತು.

ಆಮೇಲೆ ಫಿಲ್ಮ್ ರೀಲು ಬಂತು. ಗಾಜು ತುಂಬಿದ ಪೆಟ್ಟಿಗೆಗಳು ಪಡಸಾಲೆಯಲ್ಲಿ ಅಡ್ಡ ಬಿದ್ದವು. ಎಪ್ಪತ್ತೆರಡರ ಸುಮಾರಿಗೆ ಜನಕ್ಕೆ ದೇವರ ಪಟಕ್ಕೆ ಚೌಕಟ್ಟು ಹಾಕಿಸುವ ಹುಚ್ಚು ಹಿಡಿಯಿತು. ಈರಬಸಪ್ಪನೂ ಆ ಕೆಲಸ ಹಿಡಿದ. ಹುಬ್ಬಳ್ಳಿಯಿಂದ ಬಸ್ಸಿನ ಮೇಲೆ ತರಿಸಿದ ಗಾಜು ಊರು ಮುಟ್ಟುವಷ್ಟರಲ್ಲಿ ಚೂರುಚೂರು. ಗಿರಾಕಿಗಳು ದಿನಾ ಬಂದು ಬಯ್ಯುವವರು. ಒಂದು ಮಧ್ಯಾಹ್ನ ಈರಬಸಪ್ಪನ ಕಣ್ಣು ಪೆಟ್ಟಿಗೆಗಳ ಮೇಲೆ ಬಿತ್ತು. ಅಗದಿ ಚೊಕ್ಕ ಗಾಜು, ಪಟದ ಅಳತೆಗೆ ಸರಿಯಾಗಿ!

ಹೆಂಡತಿ ಗುರವ್ವ ಬಾಯಿ ಬಡಿದುಕೊಂಡಳು. "ಮಂದಿ ಮಾರಿ ಅದಾವ್ರಿ ಅದರಾಗ. ಬ್ಯಾಡ್ರಿ."

"ಮೂವತ್ತು ವರ್ಷದಾಗ ಎಷ್ಟ ಮಂದಿ ತಿರುಗಿ ಬಂದಾರ? ನಾಕೋ ಐದೋ. ನೀರು ಕಾಸು, ಸುಮ್ನ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂರೇ ದಿನ ಹಿಡಿಯಿತು. ಸೋಡಾ ಹಾಕಿದ ಕುದಿನೀರಿನಲ್ಲಿ ಅದ್ದಿ ತೆಂಗಿನ ನಾರಿನಿಂದ ತಿಕ್ಕಿದರೆ ಗಾಜಿನ ಮೇಲಿನ ಮನುಷ್ಯ ಕೆನೆಯ ಹಾಗೆ ಎದ್ದು ಬರುತ್ತಿದ್ದ. ತಿಕ್ಕಿದವಳು ಪಾಪ ಗುರವ್ವನೇ. ಮೂಲೆ ಮುರಿದು ಪಟಕ್ಕೆ ಬಾರದ ಹನ್ನೊಂದು ಹಲಗೆ ಮಾತ್ರ ಅಟ್ಟ ಸೇರಿದವು. ಉಳಿದ ಸಾವಿರದ ಮೇಲಿನವು ಬಸವಣ್ಣನ ಮುಂದೆ, ಲಕ್ಷ್ಮಿಯ ಮುಂದೆ ಕೂತು ಮನೆಮನೆಗೆ ಹೋದವು.

ಎಪ್ಪತ್ತೈದರ ಮಳೆಗಾಲ ಮುಗಿದ ಮೇಲೆ, ಸಂತೆಯ ದಿನ, ಒಬ್ಬ ಹೆಣ್ಣುಮಗಳು ಅಂಗಡಿಯ ಹೊಸ್ತಿಲ ಮುಂದೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ತಲೆ ಪೂರ್ತಿ ನರೆತಿತ್ತು.

"ಈರಬಸಪ್ಪಣ್ಣ, ನನ್ನ ಗುರ್ತು ಸಿಕ್ತೇನ್ರಿ? ತಿರ್ಲಾಪುರದ ನೀಲಕ್ಕ. ನಮ್ಮ ಅನ್ನವ್ವ ಹೋದಾಗ ಬಂದಿದ್ರಿ. ಆರು ವರ್ಷದ ಕೂಸು."

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಅವನಿಗೆ ನೆನಪಿರಲಿಲ್ಲ. ನೆನಪಿದ್ದವನ ಹಾಗೆ ತಲೆಯಾಡಿಸಿದ.

"ಈ ಸಲ ಮಾಳಿಗಿ ಸೋರಿತ್ರಿ. ರಾಡಿ ಇಳದು ಫೋಟೋ ಅಳಿಸಿ ಹೋತು. ಕಾಗದ ಉಳದೈತಿ, ಕೂಸಿಲ್ಲ." ಸೆರಗಿನಿಂದ ಬಾಯೊರೆಸಿಕೊಂಡಳು. "ಮೊದಲ ಕಣ್ಣು ಮುಚ್ಚಿದ್ರ ಸಾಕು, ಮಾರಿ ಕಾಣತಿತ್ರಿ. ಈಗ ಕಾಣವಲ್ದು. ಹೆತ್ತಾಕಿ ನಾನು, ಮಗಳ ಮಾರಿ ಮರಿಯಾಕತ್ತೇನಿ. ಇದನ್ನ ಯಾರ ಮುಂದ ಹೇಳ್ಲಿ? ನೀವು ಅಂದಿದ್ರಿ, ಕಾಜು ನನ್ನ ಕಡೆ ಐತಿ ಅಂತ."

ಆಗಲೇ ಹೇಳಿಬಿಡಬೇಕಿತ್ತು. ಹೇಳಿದ್ದರೆ ಅವಳು ಅತ್ತು, ಬೈದು, ಎದ್ದು ಹೋಗುತ್ತಿದ್ದಳು. ಆದರೆ ಅವಳ ಮುಖ ನೋಡಿದವನು, "ಐತಿ ನೀಲಕ್ಕ. ಹುಡುಕಬೇಕು. ಮುಂದಿನ ಸಂತಿಗೆ ಬರ್ರಿ" ಎಂದುಬಿಟ್ಟ.

ಆ ಎಂಟು ದಿನ ಅವನಿಗೆ ಅನ್ನ ಸೇರಲಿಲ್ಲ. ಎರಡನೆಯ ದಿನವೇ ಅಟ್ಟ ಹತ್ತಿ ಹನ್ನೊಂದು ಹಲಗೆಗಳನ್ನು ಬೆಳಕಿಗೆ ಹಿಡಿದು ನೋಡಿದ. ಹತ್ತನೆಯದರಲ್ಲಿ ಒಂದು ಹುಡುಗಿ. ಗೋಡೆಗೆ ದಿಂಬು ಕೊಟ್ಟು ಒರಗಿಸಿದ್ದರು. ಏಳೆಂಟು ವರ್ಷ, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಹಾರ. ಸುತ್ತಿದ ಕಾಗದ ಗೆದ್ದಲು ತಿಂದು ಊರು ಹೆಸರು ಯಾವುದೂ ಉಳಿದಿರಲಿಲ್ಲ. ಈರಬಸಪ್ಪ ಹಲಗೆಯನ್ನು ಕೆಳಗಿಳಿಸಿ ತಂದ. ಮುಖ ಮರೆಯುತ್ತಿದ್ದೇನೆ ಎಂದು ಅವಳೇ ಹೇಳಿದ್ದಾಳಲ್ಲ! ವಿಭೂತಿ ಬಳಿದ ಮುಖ, ಮೇಲೆ ತಾನು ಬರೆದ ಕಣ್ಣು. ಯಾರಿಗೆ ಗೊತ್ತಾಗುತ್ತದೆ?

ಗುರವ್ವನಿಗೆ ಗೊತ್ತಾಯಿತು. ಆ ಹಲಗೆಯಿಂದ ಕಾಗದದ ಮೇಲೆ ಫೋಟೋ ಇಳಿಸಿ, ಕುಂಚ ಹಿಡಿದು ಕೂತವನ ಎದುರು ಬಂದು ನಿಂತಳು. "ಯಾರದೋ ಮಗಳನ್ನ ಆಕಿ ಉಡ್ಯಾಗ ಹಾಕ್ತೀರೇನ್ರಿ?"

"ಆಕಿ ಜೀವ ತಂಪಾಗತೈತಿ. ನಿನ್ನ ಗಂಟೇನ ಹೋಗತೈತಿ?"

"ಆಕಿ ಜೀವನೋ, ನಿಮ್ಮ ಜೀವನೋ?"

ಅವನು ಕುಂಚವನ್ನು ಮಸಿಯಲ್ಲಿ ಅದ್ದಿದ. ಕಣ್ಣು ಬರೆದು ಮುಗಿಸಿದ. ನಾಚಿಕೆಗೆಟ್ಟ ಮಾತೆಂದರೆ, ಜನ್ಮದಲ್ಲಿ ಅಷ್ಟು ಚಂದದ ಕಣ್ಣನ್ನು ಅವನು ಬರೆದಿರಲಿಲ್ಲ.

ಸಂತೆಯ ದಿನ ನೀಲಕ್ಕ ಬೆಳಿಗ್ಗೆಯೇ ಬಂದಳು. ಹೊಸ ಇಲಕಲ್ಲ ಸೀರೆ ಉಟ್ಟಿದ್ದಳು. ಮಗಳನ್ನು ನೋಡಲು ಬಂದಿದ್ದಾಳಲ್ಲವೇ! ಫೋಟೋ ಕೈಗೆ ತೆಗೆದುಕೊಂಡು ಮೊದಲು ಹಣೆಗೆ ಒತ್ತಿಕೊಂಡಳು, ಆಮೇಲೆ ನೋಡಿದಳು.

"ಹೌದ್ರಿ, ಹೌದ್ರಿ. ಕಣ್ಣು ಅವ. ನನ್ನ ಮನಿ ಗ್ವಾಡಿ ಮ್ಯಾಲಿಂದ ನೋಡತಿದ್ದ ಕಣ್ಣು ಇವ."

ಈರಬಸಪ್ಪ ಉಸಿರು ಬಿಟ್ಟ. ಬಾಗಿಲ ಮರೆಯಲ್ಲಿ ನಿಂತ ಗುರವ್ವ ತಲೆ ತಗ್ಗಿಸಿದಳು. ನೀಲಕ್ಕ ಫೋಟೋವನ್ನು ಬೆಳಕಿಗೆ ಹಿಡಿದಳು. ಅವಳ ಬೆರಳು ಹುಡುಗಿಯ ಎಡ ಭುಜದ ಮೇಲೆ ಸರಿದು, ಬಲಕ್ಕೆ ಹೋಗಿ, ಮತ್ತೆ ಎಡಕ್ಕೆ ಬಂದು ನಿಂತಿತು.

"ಅಣ್ಣಾ, ನನ್ನ ಕೈ ಎಲ್ಲಿ?"

"ಯಾವ ಕೈ ನೀಲಕ್ಕ?"

"ಕೂಸು ಜಾರತಿತ್ತು, ಮರತ್ರೇನು? ನೀವ ಅಂದ್ರಿ, ಯಕ್ಕಾ, ಕಂಬಳಿ ಹೊದ್ಕೊಂಡು ಹಿಂದ ಕುಂದ್ರು, ಗಟ್ಟಿ ಹಿಡಕೊ ಅಂತ. ನಾ ಹಿಡಕೊಂಡಿದ್ದೆ. ಎಡಗಡೆ ನನ್ನ ನಾಕು ಬಟ್ಟು ಫೋಟೋದಾಗ ಬಂದಿದ್ವು. ಅಳಸ್ತೇನಿ ಅಂದ್ರಿ ನೀವು. ನಾ ಬ್ಯಾಡ ಅಂದೆ. ಇಪ್ಪತ್ತೆರಡು ವರ್ಷ ನಾ ಬರೇ ಮಾರಿ ನೋಡಿಲ್ರಿ, ನಾ ಆಕಿನ್ನ ಹಿಡಕೊಂಡಿದ್ದನ್ನ ನೋಡೇನಿ."

ಈರಬಸಪ್ಪನಿಗೆ ಆಗ ನೆನಪಾಯಿತು. ಆ ಮನೆ, ಆ ಕಂಬಳಿ, ಒಳಗಿಂದ ಬರುತ್ತಿದ್ದ ಬಿಕ್ಕು, ಕೂಸು ಅಲುಗುತ್ತದೆಂದು ತಾನು ಗದರಿಸಿದ್ದು, ಎಲ್ಲ ನೆನಪಾಯಿತು. ಕೆಟ್ಟ ಮೇಲೆ ಬುದ್ಧಿ ಬಂದು ಏನು ಮಾಡುವುದು?

"ಇದು ಯಾರ ಮಗಳು?" ನೀಲಕ್ಕನ ದನಿ ಏರಿರಲಿಲ್ಲ.

"ಗೊತ್ತಿಲ್ಲವ್ವ."

"ನನ್ನ ಅನ್ನವ್ವ?"

"ತೊಳದ್ನೆವ್ವ. ಪಟದ ಕಾಜಿನ ಸಲುವಾಗಿ ಎಲ್ಲಾ ತೊಳದೆ. ತಪ್ಪಾತು. ನನ್ನ ಕಾಲಾಗಿನ ಚಪ್ಪಲಿ ತಗೊಂಡು ಹೊಡಿ." ಅವನು ಹೋ ಎಂದು ಅತ್ತ.

ಅವಳು ಹೊಡೆಯಲಿಲ್ಲ, ಬೈಯಲಿಲ್ಲ. ಫೋಟೋವನ್ನು ಮೇಜಿನ ಮೇಲಿಟ್ಟು, ಮೈಮರೆತವಳ ಹಾಗೆ ಆ ಹುಡುಗಿಯ ಭುಜ ಸವರಿದಳು. "ಈಕಿನ್ನರೆ ತೊಳೀಬ್ಯಾಡ್ರಿ. ಈಕಿಗೂ ಅವ್ವ ಇರ್ತಾಳ." ಆಮೇಲೆ ಕೇಳಿದಳು, "ತೊಳದ ನೀರು ಎಲ್ಲಿ ಚೆಲ್ಲಿದ್ರಿ?"

ಗುರವ್ವ ಹೊರಗೆ ಬಂದು ನೀಲಕ್ಕನ ಕೈ ಹಿಡಿದಳು. "ಹಿತ್ತಲದಾಗ್ರಿ ಯಕ್ಕಾ, ನುಗ್ಗಿ ಗಿಡದ ಬುಡಕ. ನಾನ ಚೆಲ್ಲೇನಿ."

ಮೂವರೂ ಹಿತ್ತಲಿಗೆ ಹೋದರು. ನುಗ್ಗೆ ಗಿಡದ ಬುಡದಲ್ಲಿ ನೀಲಕ್ಕ ಮೊಣಕಾಲೂರಿ ಕೂತು, ಒಂದು ಹಿಡಿ ಮಣ್ಣು ತೆಗೆದು, ಅದನ್ನೇ ಮುಷ್ಟಿಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡಳು. ಹೂಳುವಾಗ ಬಳಗದವರು ಮಣ್ಣು ಕೊಡುವುದಿಲ್ಲವೇ, ಹಾಗೆ ಬುಡಕ್ಕೆ ಹಾಕಿದಳು.

"ಒಮ್ಮೆ ತಿರ್ಲಾಪುರದಾಗ ಕೊಟ್ಟಿದ್ದೆ. ಇದು ಎರಡನೇದ್ದು." ಈರಬಸಪ್ಪನ ಕಡೆ ತಿರುಗಿದಳು. "ನೀವೂ ಕೊಡ್ರಿ."

ಅವನು ಬಗ್ಗಿ ಒಂದು ಹಿಡಿ ಮಣ್ಣು ಕೊಟ್ಟ. ನೀಲಕ್ಕ ಕೈ ತೊಳೆದುಕೊಂಡು, ಗುರವ್ವ ಕೊಟ್ಟ ನೀರು ಕುಡಿದು, ತಿರ್ಲಾಪುರದ ಬಸ್ಸಿಗೆ ಹೋದಳು. ಬೀಳ್ಕೊಟ್ಟು ಬಂದ ಗುರವ್ವ ನೋಡುತ್ತಾಳೆ, ಗಂಡ ಇನ್ನೂ ಅಲ್ಲಿಯೇ ಕೂತಿದ್ದಾನೆ. ಮತ್ತೊಂದು ಹಿಡಿ ಮಣ್ಣು ಕೊಡುತ್ತಿದ್ದ.

"ಇದು ಯಾರಿಗ್ರಿ?"

"ಮೊರಬದ ತಿರಕಪ್ಪಗ" ಎಂದ ಈರಬಸಪ್ಪ. ಮತ್ತೊಂದು ಹಿಡಿ ತೆಗೆದು, ಅದು ಯಾರಿಗೆಂದು ನೆನಪಿಸಿಕೊಳ್ಳುತ್ತ ಕೂತ.