ಬಾಗಿಲ ಹೊರಗೆ ಟೈರ್ ಚಪ್ಪಲಿ

ಇದನ್ನು ಕೇಳಿದವರೆಲ್ಲ ಮೊದಲು ನಗುತ್ತಾರೆ. ತಪ್ಪು ಅವರದಲ್ಲ. ನನ್ನ ಮಾತನ್ನು ನಮ್ಮ ಮನೆಯ ನಾಯಿ ಕೂಡ ನಂಬುವುದಿಲ್ಲ. ಊಟಕ್ಕೆ ಕರೆದರೂ ಮೊದಲು ತಟ್ಟೆ ನೋಡಿ ಆಮೇಲೆ ಬಾಲ ಅಲ್ಲಾಡಿಸುತ್ತದೆ. ಆದರೆ ಇದೊಂದು ಮಾತ್ರ ನಾನು ಕಟ್ಟಿದ್ದಲ್ಲ. ಕಟ್ಟುವ ಹಾಗಿದ್ದರೆ ನನ್ನನ್ನು ನಾನೇ ಇಷ್ಟು ಪೆದ್ದನನ್ನಾಗಿ ಮಾಡಿಕೊಳ್ಳುತ್ತಿದ್ದೆನೆ?

ಎಂಬತ್ತರ ದಶಕದ ಕೊನೆಯ ಮಾತು. ಮಧುಗಿರಿಯವನಾದ ನನಗೆ ಕುರಿಗಳ ರಕ್ತದ ಮೇಲೆ ಸಂಶೋಧನೆ ಮಾಡುವ ಕೆಲಸ ಸಿಕ್ಕಿತ್ತು. ಕೆಲಸವೆಂದರೆ ಕೊರಟಗೆರೆ ಕಡೆಯ ಕುರಿಹಟ್ಟಿಗಳಿಗೆ ಹೋಗುವುದು, ಕುರಿಗಳಿಂದ ಒದೆಸಿಕೊಳ್ಳುವುದು, ಅವುಗಳ ರಕ್ತವನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು ಬಸ್ಸಿನಲ್ಲಿ ಶಿರಾ ಪಕ್ಕದ ಒಂದು ಲ್ಯಾಬಿಗೆ ತರುವುದು. ಲ್ಯಾಬಿನ ಹೆಸರು ಬೇಡ.

ಅಲ್ಲೊಂದು ಮೆಷಿನ್ ಇತ್ತು. ಫ್ಲೋ ಸೈಟೋಮೀಟರ್. ದಾರದಷ್ಟು ಸಣ್ಣ ನೀರಿನ ಎಳೆಯಲ್ಲಿ ರಕ್ತದ ಕಣಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸುವುದು ಅದರ ಕೆಲಸ. ಬಣ್ಣ ಹಚ್ಚಿದ ಕಣ ಬೆಳಕಿಗೆ ಬಂದೊಡನೆ ಮಿನುಗುತ್ತದೆ. ಮೆಷಿನ್ ‘ಟಿಕ್’ ಅನ್ನುತ್ತದೆ, ಪರದೆಯ ಮೇಲೊಂದು ಹಸಿರು ಚುಕ್ಕಿ ಬೀಳುತ್ತದೆ. ಸುತ್ತಲಿನ ಸಂಶೋಧಕರಿಗೆಲ್ಲ ಅದೊಂದೇ ಗತಿ. ಊರಿಗೊಂದೇ ಹಿಟ್ಟಿನ ಗಿರಣಿ ಇದ್ದ ಹಾಗೆ. ನಮ್ಮ ಸರದಿ ತಪ್ಪಿದರೆ ಮತ್ತೆ ವಾರಗಟ್ಟಲೆ ಕಾಯಬೇಕು.

ಮೆಷಿನ್ ಇದ್ದ ಕೋಣೆಗೆ ಒಂದೇ ಬಾಗಿಲು. ಬೆಳಕು ಬರಬಾರದೆಂದು ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ, ಗೋಡೆಗೆಲ್ಲ ಕಪ್ಪು ಬಳಿದಿದ್ದರು. ಒಂದು ಕೆಂಪು ಬಲ್ಬು, ಅಷ್ಟೆ. ಧೂಳು ಬರಬಾರದೆಂದು ಚಪ್ಪಲಿಯನ್ನು ಹೊರಗೇ ಬಿಡಬೇಕು. ಗುರುತೂ ಅದೇ. ಬಾಗಿಲ ಹೊರಗೆ ಚಪ್ಪಲಿ ಇದ್ದರೆ ಒಳಗೆ ಆಳು ಇದೆ ಎಂದು ಅರ್ಥ. ರಾತ್ರಿ ಕಾವಲಿನ ಈರಣ್ಣ ಸುತ್ತು ಬಂದಾಗ ಚಪ್ಪಲಿ ಕಂಡರೆ ಸುಮ್ಮನೆ ಹೋಗುತ್ತಿದ್ದ, ಕಾಣದಿದ್ದರೆ ಹೊರಗಿನಿಂದ ಚಿಲಕ ಜಡಿಯುತ್ತಿದ್ದ. ಬಾಗಿಲು ತಟ್ಟಿ ಕೇಳುವಂತಿರಲಿಲ್ಲ. ತಟ್ಟಿದರೆ ಲೇಸರ್ ಅಲುಗುತ್ತದೆಂದು ಯಾರೋ ಅವನನ್ನು ಹೆದರಿಸಿದ್ದರು.

ಈಗ ನನ್ನ ಘನಕಾರ್ಯಕ್ಕೆ ಬರೋಣ. ಅದಕ್ಕೆ ಹಿಂದಿನ ಶುಕ್ರವಾರ ಗೊರವನಹಳ್ಳಿ ದೇವಸ್ಥಾನದ ಮುಂದೆ ನನ್ನ ಚಪ್ಪಲಿ ಕಳುವಾಗಿತ್ತು. ಬಸ್ ಸ್ಟ್ಯಾಂಡಿನವರೆಗೆ ಬಿಸಿ ಟಾರಿನ ಮೇಲೆ ನಾನು ಕುಣಿದ ಕುಣಿತ ನೋಡಿ, ಮೈಮೇಲೆ ದೇವರು ಬಂದಿದೆಯೆಂದು ಒಬ್ಬ ಅಜ್ಜಿ ಕೈ ಮುಗಿದರು. ಅಂದಿನಿಂದ ಹೊಸ ಚಪ್ಪಲಿಯನ್ನು ಎಲ್ಲಿಯೂ ಬಿಡುತ್ತಿರಲಿಲ್ಲ. ಆ ಸಂಜೆಯೂ ಅದನ್ನು ಪೇಪರಿನಲ್ಲಿ ಸುತ್ತಿ, ಬ್ಯಾಗಿಗೆ ತುರುಕಿಕೊಂಡು ಒಳಗೆ ಹೋದೆ.

ಒಳಗೆ ಪದ್ಮಕ್ಕ ಇದ್ದರು. ಮೆಷಿನ್ ನೋಡಿಕೊಳ್ಳುವವರು, ತೆಲುಗು ಬೆರೆತ ಮಾತಿನ ಪಾವಗಡದವರು. ಕೊನೆಯ ಬಸ್ಸಿನ ಅವಸರದಲ್ಲಿದ್ದರು.

“ಏಮಪ್ಪ ಗಂಗಾಧರ, ಒಬ್ನೇ ಮಾಡ್ತೀಯಾ?”

“ಕಣ್ಮುಚ್ಕೊಂಡ್ ಮಾಡ್ತೀನಿ ಅಕ್ಕ.”

“ಕಣ್ ತಕ್ಕೊಂಡೇ ಮಾಡು ನಾಯ್ನಾ. ಈ ನೀರಿನ ಪೈಪು ಐತಲ್ಲ, ಇದು ಲೇಸರ್ ತಣ್ಣಗಿಡಾಕೆ. ಮುಟ್ಬ್ಯಾಡ. ನೀರು ನಿಂತ್ರೆ ಲೇಸರ್ ಸುಟ್ಟೋಗ್ತದೆ. ನೀರು ಚೆಲ್ಲಿದ್ರೆ ನೀನು ಸುಟ್ಟೋಗ್ತೀಯ. ಕೆಳಗೆ ಕರೆಂಟಿನ ಸ್ಟೆಬಿಲೈಸರ್ ಐತೆ ನೋಡು!”

ನಗುತ್ತಾ ಹೊರಟುಹೋದರು. ಬಾಗಿಲು ಮುಚ್ಚಿಕೊಂಡಿತು.

ಕೆಲಸ ಶುರುಮಾಡಿದೆ. ಟಿಕ್ ಟಿಕ್ ಟಿಕ್... ಪರದೆಯ ಮೇಲೆ ಹಸಿರು ಚುಕ್ಕಿಗಳ ಜಾತ್ರೆ. ಕುರಿಗಳು ಜೀವಮಾನದಲ್ಲಿ ಮೊದಲ ಬಾರಿ ನನ್ನ ಮಾತು ಕೇಳುತ್ತಿವೆ ಎಂದು ಹಿಗ್ಗಿದೆ. ಏರ್ ಕಂಡೀಷನರ್ ಗುಂಯ್ ಅನ್ನುತ್ತಿತ್ತು. ಎಷ್ಟು ಹೊತ್ತು ಕಳೆಯಿತೋ...

ಖಟ್!

ಹೊರಗೆ ಚಿಲಕ ಬಿದ್ದ ಸದ್ದು. ಆಗ ನೆನಪಾಯಿತು ಬ್ಯಾಗಿನೊಳಗಿನ ಚಪ್ಪಲಿ.

“ಈರಣ್ಣಾ! ಲೋ ಈರಣ್ಣಾ! ನಾನಿದೀನಿ ಕಣೋ!”

ಬಾಗಿಲಿಗೆ ಒಳಗಿನಿಂದ ದಪ್ಪ ಕಂಬಳಿ ಹೊಡೆದಿದ್ದರು. ಗುದ್ದಿದರೆ ‘ಬುಸ್’ ಎಂಬ ಸದ್ದು, ದಿಂಬಿಗೆ ಗುದ್ದಿದ ಹಾಗೆ. ಗಂಟಲು ಹರಿಯುವ ಹಾಗೆ ಕೂಗಿದೆ. ಯಾರೂ ಬರಲಿಲ್ಲ. ಇನ್ನು ಬೆಳಿಗ್ಗೆಯೇ ಬಾಗಿಲು ತೆಗೆಯುವುದು. ಹೋಗಲಿ, ಕುರಿಗಳ ಜೊತೆ ರಾತ್ರಿ ಕಳೆಯುವುದು ನನಗೇನು ಹೊಸದೆ ಎಂದು ನನ್ನನ್ನು ನಾನೇ ನಗಿಸಲು ನೋಡಿದೆ. ನಗು ಬರಲಿಲ್ಲ.

ಕೊನೆಯ ಟ್ಯೂಬಿನ ರಕ್ತ ಮುಗಿಯಿತು. ಟ್ಯೂಬು ಹೊರಗೆ ತೆಗೆದೆ. ಮೆಷಿನ್ ಸುಮ್ಮನಾಗಬೇಕಿತ್ತು.

ಟಿಕ್...

ಟಿಕ್...

ಖಾಲಿ ಮೆಷಿನ್. ಪರದೆಯ ಮೇಲೆ ಒಂದೊಂದೇ ಚುಕ್ಕಿ. ನಿಧಾನವಾಗಿ, ಒಂದೇ ಸಮನೆ... ಎದೆಬಡಿತದ ಹಾಗೆ. ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡೆ. ನನ್ನದು ಹುಚ್ಚು ಕುದುರೆಯಂತೆ ಓಡುತ್ತಿತ್ತು. ಇದು ನನ್ನದಲ್ಲ.

ಆಮೇಲೆ ವಾಸನೆ. ಮಳೆಯಲ್ಲಿ ನೆನೆದ ಕರಿಕಂಬಳಿಯ ವಾಸನೆ, ಜೊತೆಗೆ ಬೀಡಿ. ಬಾಗಿಲ ಕಂಬಳಿ ಒಣಗಿಯೇ ಇತ್ತು, ಮೂಸಿ ನೋಡಿದೆ. ನಾನು ಬೀಡಿ ಸೇದುವುದಿಲ್ಲ.

ಮೂಲೆಯಲ್ಲಿದ್ದ ಬೀರುವಿನ ಆಚೆಯ ಕತ್ತಲಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.

“ಯಾ... ಯಾರು?”

ನಾನು ಹಿಂದಕ್ಕೆ ಹಾರಿದೆ. ಹಾರುವುದಾದರೂ ನೆಟ್ಟಗೆ ಹಾರಬಾರದೆ? ಕಾಲು ಸಿಕ್ಕಿಕೊಂಡದ್ದು ಅದೇ ಪೈಪಿಗೆ. ಮುಟ್ಟಬೇಡ ಅಂದಿದ್ದರು, ನಾನು ಕಿತ್ತೇಬಿಟ್ಟೆ. ಜುಯ್ ಎಂದು ನೀರು ಚಿಮ್ಮಿತು. ಪಕ್ಕದಲ್ಲಿದ್ದ ಮರದ ಸ್ಟೂಲಿನ ಮೇಲೆ ಕೋತಿಯಂತೆ ಹತ್ತಿ ಕೂತೆ.

ನೀರು ನೆಲದ ಮೇಲೆ ಹರಡುತ್ತಾ ಸ್ಟೆಬಿಲೈಸರ್ ಕಡೆಗೆ ಸರಿಯಿತು. ಅದರ ಸ್ವಿಚ್ಚು ಆಚೆ ಗೋಡೆಯಲ್ಲಿ. ಮೈನ್ ಸ್ವಿಚ್ಚು ಬಾಗಿಲ ಹೊರಗೆ, ಮೊಗಸಾಲೆಯಲ್ಲಿ. ನೋಡುತ್ತಿದ್ದಂತೆಯೇ ನೀರು ಅದನ್ನು ಮುಟ್ಟಿತು. ಚಟ್... ಚಟ್... ನೀಲಿ ಕಿಡಿ. ನೆಲವೆಲ್ಲ ಕರೆಂಟು. ಸ್ಟೂಲಿನ ಒಂದು ಕಾಲು ಮೊದಲೇ ಕುಂಟು, ನನ್ನ ನಡುಕಕ್ಕೆ ಕಟಕಟ ಅನ್ನತೊಡಗಿತು. ಬಿದ್ದರೆ ಕಥೆ ಮುಗಿಯಿತು.

ಅಮ್ಮನನ್ನು ಕರೆದೆ. ಸಿದ್ದರಬೆಟ್ಟದ ಸ್ವಾಮಿಯನ್ನು ಕರೆದೆ. ಕೊನೆಗೆ ಚಪ್ಪಲಿ ಕದ್ದವನನ್ನೂ ಕರೆದೆ, ಬಂದು ಬಾಗಿಲು ತೆಗೆಯಪ್ಪ, ಇದನ್ನೂ ನೀನೇ ಇಟ್ಕೋ ಎಂದು. ಆ ಭಯ ತಡೆಯಲಾರದೆ ಕೆಳಗೆ ಹಾರಿ ಬಾಗಿಲಿಗೆ ಓಡೋಣವೆಂದು ಒಂದು ಕಾಲು ಇಳಿಬಿಟ್ಟೆ...

“ಕಾಲ್ ಕೆಳಗಿಕ್ಬ್ಯಾಡ ಕಣ್ಲಾ.”

ಕಿವಿಯ ಹಿಂದೆಯೇ. ಮುದಿ ದನಿ. ಕುತ್ತಿಗೆಗೆ ಬಿಸಿಯುಸಿರು, ಬೀಡಿಯ ವಾಸನೆ. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಕಾಲು ಮೇಲೆಳೆದುಕೊಂಡೆ.

ಪಚ್... ಪಚ್... ಪಚ್...

ಕರೆಂಟು ಹರಿಯುತ್ತಿದ್ದ ಆ ನೀರಿನಲ್ಲಿ ಯಾರೋ ಬರಿಗಾಲಲ್ಲಿ ನಡೆದು ಬಾಗಿಲ ಕಡೆಗೆ ಹೋದರು. ಸದ್ದು ಮಾತ್ರ. ಕೆಂಪು ಬೆಳಕಿನಲ್ಲಿ ಯಾರೂ ಕಾಣಲಿಲ್ಲ. ಬಾಗಿಲು ತೆರೆಯಲಿಲ್ಲ. ಸದ್ದು ಬಾಗಿಲವರೆಗೆ ಹೋಗಿ ನಿಂತಿತು.

ಮರುಗಳಿಗೆ ಎಲ್ಲ ಆರಿತು. ಬಲ್ಬು, ಮೆಷಿನ್, ಏರ್ ಕಂಡೀಷನರ್, ಆ ಟಿಕ್ ಟಿಕ್... ಎಲ್ಲ. ಕಗ್ಗತ್ತಲು. ಹೊರಗೆ ಚಿಲಕ ಸರಿದ ಸದ್ದು. ಬಾಗಿಲು ಬೆರಳಗಲ ತೆರೆದು ಬೆಳದಿಂಗಳು ಒಳಗೆ ಬಿತ್ತು.

ಹೇಗೆ ಓಡಿದೆನೋ! ಹೊಸ್ತಿಲಾಚೆ ಏನನ್ನೋ ಎಡವಿ ಮೊಗಸಾಲೆಯಲ್ಲಿ ಬೋರಲಾಗಿ ಬಿದ್ದೆ. ಮೊಗಸಾಲೆ ಖಾಲಿ. ಅಷ್ಟರಲ್ಲಿ ಗೇಟಿನ ಕಡೆಯಿಂದ ಟಾರ್ಚು ಹಿಡಿದು ಈರಣ್ಣ ಓಡಿಬಂದ.

“ಯಾಕ್ಲಾ, ಕರೆಂಟ್ ಯಾಕ್ ತೆಗ್ದೆ? ಏನಂಗ್ ಬಿದ್ದಿದೀಯ, ಕಪ್ಪೆ ಬಿದ್ದಂಗೆ?”

“ನೀನ್ಯಾಕೆ ಚಿಲ್ಕ ಹಾಕ್ದೆ? ಸಾಯ್ತಿದ್ದೆ ಕಣಣ್ಣ!”

“ನಾನೆಲ್ಲಿ ಹಾಕ್ದೆ? ಚಪ್ಲಿ ಹೊರ್ಗಿತ್ತು, ನೀನಿದೀಯ ಅಂತ ಹಂಗೇ ಹೋಗ್ಬುಟ್ಟೆ.”

“ನನ್ ಚಪ್ಲಿ ಬ್ಯಾಗಲ್ಲೈತೆ.”

ಈರಣ್ಣ ಟಾರ್ಚಿನ ಬೆಳಕನ್ನು ಹೊಸ್ತಿಲಿಗೆ ಬಿಟ್ಟ. ನಾನು ಎಡವಿದ್ದು ಅದನ್ನೇ. ಒಂದು ಜೊತೆ ಹಳೆಯ ಟೈರ್ ಚಪ್ಪಲಿ, ಕುರಿ ಕಾಯುವವರು ಹಾಕುವಂಥದ್ದು.

“ಹಂಗಾರೆ... ಇದ್ಯಾರ್ದಪ್ಪ?”

ಆಮೇಲೆ ಅವನ ಟಾರ್ಚು ಗೋಡೆಗೆ ಏರಿತು. ಮೈನ್ ಸ್ವಿಚ್ಚಿನ ಹಿಡಿ ಕೆಳಗೆ ಎಳೆದಿತ್ತು. ಅದರ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ರಾತ್ರಿಯೆಲ್ಲ ಇಬ್ಬರೂ ಗೇಟಿನ ಬಳಿ ಬೆಂಕಿ ಹಾಕಿಕೊಂಡು ಕೂತೆವು. ಬೆಳಿಗ್ಗೆ ಹೋಗಿ ನೋಡಿದರೆ ಚಪ್ಪಲಿ ಇರಲಿಲ್ಲ. ಗೇಟು ದಾಟಿ ಯಾರೂ ಹೋಗಿರಲಿಲ್ಲ.

ಪದ್ಮಕ್ಕ ಬಂದರು. ಪೈಪಿಗಾಗಿ ಬೈದರು, ನಾನು ಬದುಕಿದ್ದಕ್ಕೆ ಕಣ್ಣೊರೆಸಿಕೊಂಡರು. ಚಪ್ಪಲಿಯ ವಿಷಯ ಹೇಳಿದಾಗ ಅವರ ಮುಖ ಬಿಳಿಚಿತು.

“ಅಯ್ಯೋ, ಅದು ನಿಂದು, ಮೊದ್ಲೇ ಬಂದು ಬಿಟ್ಟು ಎಲ್ಲೋ ಹೋಗಿದೀಯ ಅಂದ್ಕೊಂಡೆ ಕಣಪ್ಪ. ನಾನು ಮಧ್ಯಾಹ್ನ ಬಂದಾಗ್ಲೇ ಬಾಗ್ಲಲ್ಲಿತ್ತು. ಅದ್ರ ಪಕ್ಕದಾಗೇ ನನ್ನ ಚಪ್ಲಿ ಬಿಟ್ಟಿದ್ದೆ.”

“ನಾನು ಬಂದಿದ್ದು ಸಂಜೆ ಅಲ್ವಾ ಅಕ್ಕ...”

ನನ್ನ ಚಪ್ಪಲಿ ಬಚ್ಚಿಡುವ ಅವಸರದಲ್ಲಿ ಹೊರಗೆ ಯಾರದಿದೆಯೆಂದು ನಾನು ನೋಡಿಯೇ ಇರಲಿಲ್ಲ. ಹೊರಗೆ ಚಪ್ಪಲಿ ಇದ್ದರೆ ಒಳಗೆ ಆಳು ಇದೆ ಎಂದು ಅರ್ಥ. ಅವರು ಮಧ್ಯಾಹ್ನವಿಡೀ ಆ ಕೋಣೆಯಲ್ಲಿ ಒಬ್ಬರೇ ಕೂತು ಕೆಲಸ ಮಾಡಿದ್ದರು... ಹಾಗೆಂದು ಅವರೂ ತಿಳಿದಿದ್ದರು.

ನನ್ನನ್ನು ಕೂಡಿಹಾಕಿದವರು ಯಾರು, ಬಿಡಿಸಿದವರು ಯಾರು, ಇಬ್ಬರೂ ಒಬ್ಬರೇನಾ, ಇಂದಿಗೂ ಗೊತ್ತಿಲ್ಲ. ಈಗ ನಾನು ಚಪ್ಪಲಿಯನ್ನು ಶಿಸ್ತಾಗಿ ಹೊರಗೇ ಬಿಡುತ್ತೇನೆ. ಕಳುವಾದರೆ ಆಗಲಿ. ಆದರೆ ಯಾರ ಮನೆಗೆ ಹೋದರೂ ಮೊದಲು ಬಾಗಿಲಲ್ಲಿ ನಿಂತು ಹೊರಗಿನ ಚಪ್ಪಲಿ ಎಣಿಸುತ್ತೇನೆ, ಆಮೇಲೆ ಇಣುಕಿ ಒಳಗಿನ ತಲೆ ಎಣಿಸುತ್ತೇನೆ. ಹೆಣ್ಣು ನೋಡಲು ಹೋದಾಗಲೂ ಹೀಗೇ ಮಾಡಿ, ಹುಡುಗ ಸರಿಯಿಲ್ಲವೆಂದು ಎರಡು ಸಂಬಂಧ ತಪ್ಪಿಹೋಗಿವೆ.

ಮೂರನೆಯ ಮನೆಯವರು ಒಳ್ಳೆಯವರು. ಹುಡುಗಿಯೂ ನಗುಮುಖದವಳಂತೆ. ನೋಡಲಾಗಲಿಲ್ಲ.

ಆ ಮನೆಯ ಬಾಗಿಲಲ್ಲಿ ಒಂದು ಜೊತೆ ಹೆಚ್ಚಿತ್ತು.