ಬಲಗೈಯ ಬಗ್ಗೆ ಬರೆದದ್ದು

ಕೂಲಿಗೆ ಹೋಗುವ ತಾಯಂದಿರು ಕೂಸುಗಳನ್ನು ಬಿಟ್ಟುಹೋಗಲೆಂದು ಕೂಡ್ಲಿಗಿಯ ಅಂಚಿನಲ್ಲಿ ಒಂದು ಸಂಸ್ಥೆ ಶಿಶುಮನೆ ನಡೆಸುತ್ತಿತ್ತು. ಅಂಜಿನಕ್ಕ ಅಲ್ಲಿ ಒಂಬತ್ತು ವರ್ಷ ಆಯಾ ಆಗಿದ್ದಳು. ಸ್ವಂತ ಮಕ್ಕಳಿರಲಿಲ್ಲ. ಯಾವ ಕೂಸು ಹಸಿವಿಗೆ ಅಳುತ್ತಿದೆ, ಯಾವುದು ನಿದ್ದೆಗೆ ಅಳುತ್ತಿದೆ ಎಂಬುದು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗಲೂ ಅವಳಿಗೆ ತಿಳಿಯುತ್ತಿತ್ತು.

ಹೋದ ದಸರೆಗೆ ಮುಂಚೆ ಕೊಟ್ಟೂರಿನಿಂದ ಬರುವಾಗ ಆಟೋ ಮಗುಚಿಬಿತ್ತು. ಅವಳ ತಲೆಗೆ ಮೂರು ಹೊಲಿಗೆ ಬಿದ್ದವು, ಬಲ ಮೊಣಕೈ ಮುರಿಯಿತು. ಮೂಳೆ ಕೂಡಿತು. ಬೆರಳುಗಳನ್ನು ಮಾತ್ರ ಪೂರ್ತಿ ಮಡಚಲಾಗುತ್ತಿರಲಿಲ್ಲ.

ಮತ್ತೆ ಕೆಲಸಕ್ಕೆ ಬರಲು ಡಾಕ್ಟರ ಚೀಟಿ ಬೇಕೆಂದರು ಶಿಶುಮನೆಯವರು. ಚೀಟಿ ಇಂಗ್ಲಿಷಿನಲ್ಲಿತ್ತು. ಮೇಲ್ವಿಚಾರಕ ಪಂಚಾಕ್ಷರಪ್ಪ ‘ಗ್ರಾಸ್ಪ್ ಪೂರ್’ ಎಂಬಲ್ಲಿ ತಡೆದು, ಮೊಬೈಲಿನಲ್ಲಿ ಅರ್ಥ ಹುಡುಕಿದರು.

“ಅಂಜಿನಕ್ಕ, ತಲಿಗೆ ಪೆಟ್ಟು ಬಿದ್ದಿತ್ತಲ್ಲ? ನಿನಗ ಗ್ರಹಿಕಿ ಕಡಿಮಿ ಆಗೈತಿ ಅಂತ ಬರದಾರ.”

“ಹಂಗಂದ್ರೇನ್ರಿ ಸರ?”

ಆ ಪ್ರಶ್ನೆಯೇ ಅವರಿಗೆ ಸಾಕ್ಷಿಯಾಯಿತು. “ತಿಳಿವಳಿಕಿ. ಹೇಳಿದ್ದು ತಲಿಗೆ ಹತ್ತೂದು. ಸಣ್ಣ ಕೂಸುಗಳ ಜವಾಬ್ದಾರಿ ನೋಡವ್ವ. ಸ್ವಲ್ಪ ದಿನ ಮನ್ಯಾಗಿರು.”

ಅವಳು ಚೀಟಿ ತೆಗೆದುಕೊಂಡು ಮನೆಗೆ ಬಂದಳು. ಓದಿದ ಡಾಕ್ಟರು ಬರೆದದ್ದು ಸುಳ್ಳಾಗುತ್ತದೆಯೇ?

ಗಂಡ ಗಾದೆಪ್ಪ ಮಂಡಿಯಲ್ಲಿ ಹಮಾಲಿ. ಒಳ್ಳೆಯವನು. “ನೀ ಕುಂದ್ರು, ನಾ ಮಾಡ್ತೀನಿ” ಎಂದು ಅವಳನ್ನು ಒಲೆಯ ಹತ್ತಿರ ಬಿಡುವುದನ್ನೇ ಕಡಿಮೆ ಮಾಡಿದ. ಒಂದು ದಿನ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಯಾರಿಗಾದರೂ ಆಗುವಂಥದ್ದು, ಅವಳು ಮಾತ್ರ ಊಟ ಬಿಟ್ಟು ಅತ್ತಳು. ದಿನಾ ಬೆಳಗ್ಗೆ ಶಿಶುಮನೆಯ ಇಪ್ಪತ್ತೆರಡು ಕೂಸುಗಳ ಹೆಸರನ್ನು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು. ಒಂದು ಬೆಳಗ್ಗೆ ಕೊನೆಯ ಹೆಸರು ಬರಲಿಲ್ಲ. “ಖರೇನ ಐತಿ ಹಂಗಾರ” ಅಂದುಕೊಂಡಳು.

ಅವಳಿಗೆ ತಿಳಿವಳಿಕೆ ಕಡಿಮೆಯಾಗಿದೆ ಎಂಬ ಮಾತು ಓಣಿಯಲ್ಲೂ ಹಬ್ಬಿತು. ಹೀಗೆ ನಾಲ್ಕು ತಿಂಗಳು ಕಳೆದವು. ಹರಪನಹಳ್ಳಿಯಲ್ಲಿ ನರ್ಸಿಂಗ್ ಓದುತ್ತಿದ್ದ ತಂಗಿಯ ಮಗಳು ಕೀರ್ತನಾ ಯುಗಾದಿಗೆ ಬಂದವಳು ಆ ಚೀಟಿಯನ್ನು ಓದಿದಳು.

“ದೊಡ್ಡವ್ವ, ಇದು ತಲಿದಲ್ಲ, ಕೈದು! ಮುಂದ ‘ಆರ್‌ಟಿ’ ಅಂತ ಐತಿ, ಅಂದ್ರ ಬಲಗೈ. ಗ್ರಾಸ್ಪ್ ಅಂದ್ರ ಹಿಡಿಯೂದು. ತಿಳಕೊಳ್ಳೂದಕ್ಕೂ ಅದನ್ನ ಅಂತಾರ.”

“ಒಂದ ಮಾತಿಗೆ ಎರಡು ಅರ್ಥ ಹೆಂಗವ್ವ?”

“ನಾವೂ ‘ಅವನ ಗುಟ್ಟು ಹಿಡದೆ’ ಅಂತೀವಲ್ಲ. ಗುಟ್ಟನ್ನ ಕೈಲೆ ಹಿಡೀತೀವೇನು?”

ಅಂಜಿನಕ್ಕ ಅಷ್ಟು ದಿನಗಳ ಮೇಲೆ ನಕ್ಕಳು. ಮರೆತಿದ್ದ ಹೆಸರೂ ಆ ಹೊತ್ತಿಗೆ ತಾನಾಗಿ ಬಂತು: ಹುಲುಗೇಶ.

ಮರುದಿನ ಇಬ್ಬರೂ ಶಿಶುಮನೆಗೆ ಹೋದರು. ಪಂಚಾಕ್ಷರಪ್ಪ ಕೀರ್ತನಾ ಹೇಳಿದ್ದನ್ನು ಕೇಳಿ, ಚೀಟಿಯನ್ನು ಎರಡು ಸಲ ಓದಿ ಕೈಮುಗಿದರು. “ತಪ್ಪಾತವ್ವ. ನಂದ ತಪ್ಪು.” ಆಮೇಲೆ ಅವಳ ಬಲಗೈಯನ್ನು ಬಹಳ ಹೊತ್ತು ನೋಡಿದರು. “ಆದ್ರ ಹಿಡಿತ ಇಲ್ಲದ ಕೈಲೆ ಕೂಸನ್ನ ಹೆಂಗ ಎತ್ತತೀ?”

“ಎಡಗೈ ಗಟ್ಟಿ ಐತ್ರಿ ಸರ.”

“ಆಡಸಾಕ, ಕತಿ ಹೇಳಾಕ ಎರಡು ಕೈ ಯಾಕ ಬೇಕ್ರಿ?” ಎಂದಳು ಕೀರ್ತನಾ.

“ಮ್ಯಾಲಿನವರನ್ನ ಕೇಳ್ತೀನವ್ವ” ಎಂದರು ಅವರು. ಒಳಗೆ ಹೊಸ ಆಯಾ ಕೂಸುಗಳಿಗೆ ಗಂಜಿ ಕುಡಿಸುತ್ತಿದ್ದಳು. ಅಂಜಿನಕ್ಕನ ಹೆಗಲ ಮೇಲಲ್ಲದೆ ಮಲಗದಿದ್ದ ಒಂದು ಕೂಸು ಅವಳನ್ನು ಕಂಡು, ಗುರುತು ಸಿಗದೆ, ಹೊಸಬಳ ಸೀರೆಯ ಹಿಂದೆ ಸರಿಯಿತು. ಅಂಜಿನಕ್ಕ ಬಾಗಿಲಿನಿಂದಲೇ ಹಿಂದಿರುಗಿದಳು. ಆಮೇಲೆ ಮೇಲಿನವರಿಂದ ಉತ್ತರ ಬರಲಿಲ್ಲ.

ವಾರದ ಮೇಲೆ ನಳದ ಹತ್ತಿರ ಪಕ್ಕದ ಮನೆಯ ದುರುಗಮ್ಮ ಸಿಕ್ಕಳು. ಅಂಜಿನಕ್ಕ ಎಲ್ಲವನ್ನೂ ಮೊದಲಿನಿಂದ, ಒಂದೂ ತಪ್ಪದಂತೆ ಹೇಳಿದಳು: ಚೀಟಿ, ಮಾತು, ಎರಡು ಅರ್ಥ. ದುರುಗಮ್ಮ ಪೂರ್ತಿ ಕೇಳಿದಳು. ಆಮೇಲೆ ಎಳೆ ಮಕ್ಕಳಿಗೆ ಹೇಳುವಂತೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದಳು:

“ಹೌದವ್ವ. ಎಲ್ಲಾ. ಸರಿ. ಆಗತೈತಿ.”

ಕೊಡವನ್ನು ಅಂಜಿನಕ್ಕನ ಎಡಗೈಯಿಂದ ಬಿಡಿಸಿಕೊಂಡು ತಾನೇ ನೀರು ತುಂಬತೊಡಗಿದಳು.